ಮದ್ದು ತಿನ್ನದ ಇಲಿಗಳು

ಕಂಪ್ಯೂಟರಿನಲ್ಲಿ ಫಲಿತಾಂಶ ನೋಡಿದ್ದೇ ಹೆಂಡತಿ ಕುರ್ಚಿಯಲ್ಲಿ ಕುಸಿದಳು. ಬೊಜ್ಜು ಕರಗಿಸುವ ಅವಳ ಮದ್ದು ಮೊದಲ ಪ್ರಯೋಗದಲ್ಲಿ ಗೆದ್ದಿತ್ತು. ಮದ್ದು ತಿಂದ ಇಲಿಗಳ ತೂಕ ತಿನ್ನದವಕ್ಕಿಂತ ಎಷ್ಟು ಇಳಿದಿತ್ತೆಂದರೆ, ಅದನ್ನು ಆಕಸ್ಮಿಕ ಎನ್ನುವಂತಿರಲಿಲ್ಲ. ಎರಡನೆಯ ಸಲ—ಎರಡೂ ಗುಂಪಿಗೆ ವ್ಯತ್ಯಾಸವೇ ಇಲ್ಲ! ಸಂಜೆಯೊಳಗೆ ಕಾರಣ ಸಿಗದಿದ್ದರೆ ಅವಳ ಸಂಶೋಧನೆಗೆ ಬಾಗಿಲು ಬಿದ್ದಂತೆ.

ಗಂಡ ಅವಳ ಹೆಗಲ ಮೇಲೆ ಕೈಯಿಟ್ಟ. ಅವನೂ ಅದೇ ಪ್ರಯೋಗಾಲಯದ ವಿಜ್ಞಾನಿ. ಅವನ ಮದ್ದು ಹಿಂದೆಯೇ ಮುಗ್ಗರಿಸಿತ್ತು. 'ಇವರು ಮೇಡಮ್ಮಿನ ಯಜಮಾನರು' ಎಂದು ಯಾರಾದರೂ ಪರಿಚಯಿಸಿದರೆ ಸಾಕು, ಅವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಇವತ್ತು ಮಾತ್ರ ಹಾಲು ಕುಡಿದಷ್ಟು ತಂಪಾಗಿತ್ತು.

ತನಿಖೆಗೆ ಬಂದವರು ಸಂಖ್ಯಾಶಾಸ್ತ್ರದ ಮೇಷ್ಟ್ರು. ಹೆತ್ತ ತಾಯಿಯ ಮಾತನ್ನೂ ಎರಡು ಸಲ ಅಳೆಯುವ ಆಸಾಮಿ.

"ಮದ್ದಿನ ಇಲಿಗಳ ಕೋಣೆಗೆ ಯಾರ್ಯಾರು ಹೋಗ್ತಿದ್ರಮ್ಮಾ?"

"ನಾನೊಬ್ಬಳೇ ಸಾರ್. ಬೀಗ ಹಾಕಿ ಕಾದಿದ್ದೀನಿ."

"ಮದ್ದು ಕೊಡದ ಇಲಿಗಳು?"

"ಅವನ್ನ ಇವರು ನೋಡ್ಕೊಳ್ತಿದ್ರು."

ಗಂಡ ನಕ್ಕ. "ಅವುಗಳಲ್ಲಿ ನೋಡೋಕೇನಿದೆ ಮೇಷ್ಟ್ರೇ?"

"ನಡೀರಿ, ನೋಡೇಬಿಡೋಣ."

ಆ ಕೋಣೆಯ ಪಂಜರಗಳಲ್ಲಿ ಬಟ್ಟಲ ತುಂಬ ಕಾಳು ಉಳಿದಿತ್ತು. ನೀರಿನ ಬಾಟಲಿಗಳೂ ತುಂಬಿದ್ದವು.

"ಕಾಳು ಹಾಕೋನು ಆಳು. ನೀರು ನಾನೇ," ಎಂದ ಗಂಡ. "ಬಾಟಲಿ ಬೇರೆ ಯಾರೂ ಮುಟ್ಟಲ್ಲ. ಮೊನ್ನೆ ತುಂಬಿಸಿದ್ದು, ಇನ್ನೂ ಕಂಠಮಟ್ಟ ಇದೆ!"

"ಮೊನ್ನೆ?—ಹಾಗಾದ್ರೆ ಕುಡಿದೋರು ಯಾರು?"

ಗಂಡ ಒಂದು ಹೆಜ್ಜೆ ಹಿಂದೆ ಸರಿದ. ಮೇಷ್ಟ್ರು ಬಾಟಲಿಯೊಂದನ್ನು ಬಿಚ್ಚಿ, ಕೊಳವೆಯ ತುದಿ ಒತ್ತಿ ಹಿಡಿದರು. ತಡವಾಗಿ ಒಂದೇ ಒಂದು ಹನಿ ಬಿತ್ತು.

"ಅಂಟು ತುಂಬಿದೆ. ಬಾಯಾರಿದ ಇಲಿ ಕಾಳು ಮುಟ್ಟಲ್ಲ. ಓಟದಲ್ಲಿ ಅಂತರ ಅಳಿಸಿಹೋದ್ರೆ ಮುಂದಿದ್ದೋನು ನಿಂತ ಅಂತ ಎಲ್ಲರೂ ಅಂದ್ಕೊಳ್ತಾರೆ. ಹಿಂದಿದ್ದೋನು ಓಡಿರಬಾರ್ದಾ? ನಿನ್ನ ಮದ್ದಿನ ಇಲಿಗಳು ಈ ಸಲಾನೂ ಮೊದಲಿನಷ್ಟೇ ಇಳಿದಿವೆ ಕಣಮ್ಮಾ. ಆದ್ರೆ ಇವನ್ನೂ ಯಾರೋ ಇಳಿಸಿದ್ದಾರೆ. ಬಾಟಲಿ ಮುಟ್ಟೋರು ಯಾರು ಅಂತ ಅವರೇ ಹೇಳಿದ್ರಲ್ಲ."

"ಎಲ್ಲರೂ ನಿನ್ನನ್ನೇ ಹೊಗಳ್ತಿದ್ರು," ಗಂಡ ತೊದಲಿದ. "ನನಗೆ ತಡ್ಕೊಳ್ಳೋಕಾಗ್ಲಿಲ್ಲ ಕಣೇ."

ಅವಳು ಕೂಗಾಡುತ್ತಾಳೆಂದು ಅವನು ಕಾದ. ಅವಳು ಬಾಟಲಿಗಳನ್ನೆಲ್ಲ ಬದಲಾಯಿಸಿದಳು. ಇಲಿಗಳು ಒಂದರ ಮೇಲೊಂದು ಬಿದ್ದು ನೀರಿಗೆ ಮುತ್ತಿದವು.

"ಆ ಕೋಣೇನ ಊರವರಿಂದೆಲ್ಲ ಕಾದೆ," ಎಂದಳು ಕೊನೆಗೆ. "ಈ ಕೋಣೆ ಕೀಲಿ ಮಾತ್ರ ಯೋಚಿಸದೆ ನಿಮ್ಮ ಕೈಗೆ ಕೊಟ್ಟೆ."

ಅವಳು ಅಂಗೈ ಚಾಚಿದಳು. ಅವನು ಕೀಲಿಯನ್ನು ಅದರಲ್ಲಿಟ್ಟ. ಅವಳು ಕೈ ಹಿಂತೆಗೆಯಲಿಲ್ಲ.

"ಮನೇದೂ ಕೊಡಿ."