ಹೆಣ ಇಳಿಸುವ ಜಾಗ

ವರದಿಯಲ್ಲಿ ನಾನು ಬರೆದದ್ದು ಒಂದೇ ಸಾಲು: 'ಹೊಲ ಹಸನು ಮಾಡಿ ಎಸೆದ ಕಲ್ಲುಗಳು, ಮಹತ್ವವಿಲ್ಲ.' ಸುಳ್ಳೆಂದು ಬರೆಯುವಾಗಲೇ ಗೊತ್ತಿತ್ತು.

ಐರ್ಲೆಂಡಿನ ರಾಸ್‌ಕಾಮನ್ ಕಡೆ, ಹೊಸ ಮನೆಗಳು ಏಳುವ ಮುಂಚೆ ಹಳೆಯ ಗಾಡಿಜಾಡೊಂದನ್ನು ಪುರಾತನ ಕುರುಹುಗಳಿಗಾಗಿ ಅಗೆದು ಪರೀಕ್ಷಿಸುವ ಕೆಲಸ ನನ್ನದಾಗಿತ್ತು. ಜಾಡಿನ ಪಕ್ಕ ಸೊಂಟದೆತ್ತರದ ಕಲ್ಲುಗುಪ್ಪೆ. ಅದನ್ನು ಕಂಡದ್ದೇ ಕೋಲ್ಮನ್ ತನ್ನ ಅಗೆಯುವ ಯಂತ್ರ ನಿಲ್ಲಿಸಿಬಿಟ್ಟ.

"ಹೆಣ ಹೊತ್ತವ್ರು ಇಲ್ಲೇ ಇಳಿಸಿ ಸುಧಾರಿಸ್ಕೊತಿದ್ರು ಮಾರಾಯ. ಗುಪ್ಪೆಗೊಂದು ಕಲ್ಲು ಹಾಕ್ದೆ ಮತ್ತೆ ಹೆಗಲಿಗೆ ಎತ್ತೋ ಹಾಗಿಲ್ಲ. ನಿಮ್ಮಜ್ಜಿ ಹೇಳಿರ್ಲಿಲ್ವಾ?"

ಹೇಳಿದ್ದಳು. ಆದರೆ ಶುಕ್ರವಾರದೊಳಗೆ ಮುಗಿಸಬೇಕಿತ್ತು. "ಅಡಗೂಲಜ್ಜಿ ಕತೆ ಸಾಕು. ಒಂದೂ ಬಿಡ್ದೆ ಲಾರಿಗೆ ಹಾಕು," ಎಂದೆ.

ಮರುದಿನ ಚುರುಗುಟ್ಟುವ ಬಿಸಿಲು. ಗುಂಡಿಯೊಳಗೆ ಮಾತ್ರ ನಮ್ಮ ಉಸಿರು ಹೊಗೆಯಾಡುತ್ತಿತ್ತು. ಮಧ್ಯಾಹ್ನ ಜಾಡಿನಲ್ಲಿ ನಾಲ್ಕು ಜನ ಹೆಜ್ಜೆ ಕೂಡಿಸಿ ನಡೆದು ಬಂದ ಸದ್ದಾಯಿತು. ಯಾರೂ ಕಾಣಲಿಲ್ಲ. ಗುಪ್ಪೆಯಿದ್ದಲ್ಲಿ ಸದ್ದು ನಿಂತಿತು. ಮರದ ಹಲಗೆ ಕಿರುಗುಟ್ಟಿತು, ಭಾರವಾದದ್ದೇನೋ ನೆಲಕ್ಕಿಳಿಯಿತು, ಏದುಸಿರು ಕೇಳಿತು. ಆಮೇಲೆ ಹುಲ್ಲಿನಲ್ಲಿ ಕೈಗಳು ತಡಕಾಡುವ ಸದ್ದು ಶುರುವಾಯಿತು. ಕೋಲ್ಮನ್ ಟೋಪಿ ತೆಗೆದ. ನಾನು ಕೇಳಿಸದವನಂತೆ ಕಾಗದ ನೋಡುತ್ತ ನಿಂತೆ.

ಈಗ ಅಲ್ಲಿ ಡಿಂಪ್ನಾ ಎಂಬಾಕೆಯ ಮನೆಯಿದೆ. ಕಳೆದ ವಾರ ಫೋನ್ ಮಾಡಿದ್ದಳು.

"ಇಲ್ಲಿ ಅಗೆದು ನೋಡಿದ್ದು ನೀವೇ ಅಲ್ವಾ? ಮಧ್ಯಾಹ್ನ ಹಜಾರದಲ್ಲಿ ಯಾರೋ ಏದುಸಿರು ಬಿಡ್ತಾರೆ. ಜಮಖಾನದ ಕೆಳಗೆಲ್ಲಾ ತಡಕಾಡ್ತಾರೆ. ಇಲ್ಲೇನಿತ್ತು, ಹೇಳಿ?"

"ಏನೂ ಇರ್ಲಿಲ್ಲಮ್ಮಾ," ಎಂದೆ, ಎರಡನೇ ಸಲ.

ಇಳಿಸಿದ ಸದ್ದನ್ನು ನಾನೇ ಕೇಳಿದ್ದೇನೆ. ಎತ್ತಿದ ಸದ್ದನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ.