ಬಿಕ್ಕಿದ ಕೆಂಪು ಕಲ್ಲು

ಬಹಳ ಹಿಂದೆ, ಬೆಟ್ಟಗಳೂ ಒಂದನ್ನೊಂದು ಕರೆದು ಮಾತಾಡುತ್ತಿದ್ದ ಕಾಲದಲ್ಲಿ, ಅರುಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲವೂ ನಡೆಯುತ್ತಿದ್ದುದು ಕೆಂಪು ಕಲ್ಲುಗಳಿಂದ. ಜಲಪಾತದ ಬುಡದ ಮೊದಲ ಕಲ್ಲಿಗೆ ಶಕ್ತಿ ಇಳಿಯುತ್ತಿತ್ತು. ಅದು ಪಕ್ಕದ ಕಲ್ಲಿಗೆ ಕೊಡುತ್ತಿತ್ತು, ಆ ಕಲ್ಲು ಅದರ ಪಕ್ಕದ್ದಕ್ಕೆ. ಹೀಗೆ ಸಾಲು ಹಿಡಿದು ಬಂದ ಶಕ್ತಿ, ಕೋಟೆಯ ಮುಂದಿನ ಬೆಂಕಿಕಂದಕದ ಮೇಲೆ ಸೇತುವೆಯನ್ನು ಚಾಚಿ ಹಿಡಿಯುತ್ತಿತ್ತು. ಆ ಶಕ್ತಿ ಹರಿಯದೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

ರಾಣಿ ಸುಗಂಧಿನಿ ನದಿಯಲ್ಲಿ ಮುಳುಗಿ ಹೋದಳೆಂದು ಆಸ್ಥಾನದ ಮಾಂತ್ರಿಕ ಧೂಮಾಕ್ಷ ಸುದ್ದಿ ತಂದ ವರ್ಷ, ಅದು ಮೊದಲ ಬಾರಿಗೆ ನಿಂತಿತು.

ರಾಜಕುಮಾರ ಜಯಂತ ಬೇಟೆಯಿಂದ ಮರಳುತ್ತಿದ್ದ. ತಂಗಿ ಕೇತಕಿ ಕೋಟೆಬಾಗಿಲಲ್ಲಿ ನಿಂತು ಕೈಬೀಸುತ್ತಿದ್ದಳು. ಅಣ್ಣನ ಕುದುರೆ ಸೇತುವೆಯ ನಡುವೆ ಬಂದಿತ್ತು. ಇದ್ದಕ್ಕಿದ್ದಂತೆ ಸೇತುವೆ ಒಳಕ್ಕೆ ಸರಿಯಿತು. ಕುದುರೆ ಬೆಂಕಿಗೆ ಬಿತ್ತು. ಜಯಂತ ಅಂಚು ಹಿಡಿದು ಜೋತುಬಿದ್ದ. ಭಟರು ಅವನನ್ನು ಮೇಲಕ್ಕೆಳೆಯುವಷ್ಟರಲ್ಲಿ ಕಂದಕದ ಗೋಡೆಗೆ ಬಡಿದು ಕಾಲು ಮುರಿದಿತ್ತು.

ಕಲ್ಲುಕುಟಿಗರು ಬಂದು ಸಾಲನ್ನು ನೋಡಿದರು. ಕಲ್ಲುಗಳೆಲ್ಲ ಹೊಳೆಯುತ್ತಿದ್ದವು, ಶಕ್ತಿ ಸರಾಗವಾಗಿ ಹರಿಯುತ್ತಿತ್ತು. ಕೇತಕಿ ಹತ್ತಿರ ಬಂದಳು. ನಿಂತಿತು! ಹಿಂದೆ ಸರಿದಳು. ಹರಿಯಿತು! ಎಲ್ಲರೂ ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನೇ ನೋಡಿದರು.

"ಮಹಾಪ್ರಭು, ದೋಷ ಕಲ್ಲಿನಲ್ಲಿಲ್ಲ, ನಿಮ್ಮ ಮಕ್ಕಳಲ್ಲಿದೆ," ಎಂದ ಧೂಮಾಕ್ಷ. "ಇಬ್ಬರನ್ನೂ ಗಡಿಯಾಚೆ ಕಳಿಸಿ. ಇಲ್ಲದಿದ್ದರೆ ರಾಜ್ಯ ಉಳಿಯುವುದಿಲ್ಲ."

ರಾಜನ ಮುಖ ಬಿಳಿಚಿಕೊಂಡಿತು.

"ಅಪ್ಪಾಜಿ, ಶಕ್ತಿ ಯಾಕೆ ನಿಲ್ಲುತ್ತದೆಂದು ತಿಳಿಯಲು ನನಗೆ ಮೂರು ಅವಕಾಶ ಕೊಡಿ," ಎಂದಳು ಕೇತಕಿ. "ಮೂರನೆಯದೂ ಕೈಕೊಟ್ಟರೆ ನಾವೇ ಹೊರಟುಹೋಗುತ್ತೇವೆ."

ಮೊದಲ ಸಲ ಅವಳು ಬರಿಗಾಲಲ್ಲಿ ನಿಧಾನವಾಗಿ ನಡೆದು ಬಂದಳು. ಶಕ್ತಿ ನಿಂತಿತು.

ಎರಡನೆಯ ಸಲ ಗುರುತು ಸಿಗದಂತೆ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ಬಂದಳು. ಶಕ್ತಿ ಹರಿಯುತ್ತಲೇ ಇತ್ತು. ಅಷ್ಟರಲ್ಲಿ ಕಂಬಳಿಯ ಧೂಳಿನಿಂದ ಅವಳಿಗೆ ಕೆಮ್ಮು ಬಂತು. ಆ ಸದ್ದಿಗೇ ಸಾಲು ಅರ್ಧ ಕಪ್ಪಾಯಿತು! ಕೇತಕಿಯ ಮೈ ಜುಮ್ಮೆಂದಿತು. ಈ ಕಲ್ಲಿಗೆ ನನ್ನ ದನಿಯ ಪರಿಚಯವಿದೆಯೇ?

ಮೂರನೆಯ ಸಲ ಅವಳು ಹಿಂದೆ ಸರಿಯಲಿಲ್ಲ. ಹೊಳಪು ಎಲ್ಲಿ ಮುಗಿದಿತ್ತೋ ಅಲ್ಲಿಗೆ ಹೋಗಿ, ಕಪ್ಪಾದ ಮೊದಲ ಕಲ್ಲಿನ ಮೇಲೆ ಅಂಗೈ ಇಟ್ಟಳು. ಕಲ್ಲು ಬೆಚ್ಚಗಿತ್ತು. ಒದ್ದೆಯಾಗಿತ್ತು. ಕೈಕೆಳಗೇ ಅದು ಬಿಕ್ಕಿತು.

"ಕಂದಾ..."

ಕೇತಕಿ ಹೌಹಾರಿದಳು. ಆ ದನಿ ಅವಳಿಗೆ ಗೊತ್ತಿತ್ತು.

"ಅಮ್ಮಾ? ಅಮ್ಮಾ, ನೀನಾ?"

"ಆ ಧೂಮಾಕ್ಷ ರಾಜ್ಯ ಕೇಳಿದ, ಮಗಳೇ. ನಾನು ಬೈದು ಕಳಿಸಿದೆ. ಅದಕ್ಕೆ ನನ್ನನ್ನು ಕಲ್ಲು ಮಾಡಿ ಇಲ್ಲಿ ಹೂತ. ನಿಮ್ಮನ್ನು ಕಂಡಾಗ, ನಿಮ್ಮ ದನಿ ಕೇಳಿದಾಗ ದುಃಖ ತಡೆಯುವುದಿಲ್ಲ. ಅತ್ತಾಗ ಶಕ್ತಿ ದಾಟಿಸಲು ಆಗುವುದಿಲ್ಲ."

ಧೂಮಾಕ್ಷ ಮಂತ್ರದಂಡ ಎತ್ತಿ ಓಡಿಬಂದ. "ಕೈ ತೆಗಿ! ಇಲ್ಲವಾದರೆ ನೀನೂ ಕಲ್ಲಾಗುವೆ!"

ಕೇತಕಿ ಕೈ ತೆಗೆದಳು. ಆದರೆ ಅದನ್ನು ಪಕ್ಕದಲ್ಲೇ ಹೊಳೆಯುತ್ತಿದ್ದ ಕಲ್ಲಿನ ಮೇಲಿಟ್ಟು, ಇನ್ನೊಂದು ಕೈಯಿಂದ ಅವನ ದಂಡವನ್ನು ಗಟ್ಟಿಯಾಗಿ ಹಿಡಿದಳು. ಜಲಪಾತದ ಶಕ್ತಿಯೆಲ್ಲ ಅವಳ ಮೈಯೊಳಗೆ ಹಾಯ್ದು ದಂಡಕ್ಕೆ ನುಗ್ಗಿತು. ಹಲ್ಲು ಕಟಕಟಿಸಿದವು, ಕಣ್ಣು ಕತ್ತಲಾಯಿತು. ಅವಳು ಬಿಡಲಿಲ್ಲ. ದಂಡ ಸಿಡಿದು ಚೂರಾಯಿತು, ಅದರ ಮಾಟವೂ ಮುರಿಯಿತು. ಧೂಮಾಕ್ಷ ಹೊಗೆಯಾಗಿ ಹಾರಿಹೋದ.

ಕಣ್ಣು ತೆರೆದಾಗ ಕೇತಕಿಯ ತಲೆ ಅಮ್ಮನ ತೊಡೆಯ ಮೇಲಿತ್ತು. ರಾಜ ಬಂದು ರಾಣಿಯ ಕೈ ಹಿಡಿದ. ಜಯಂತ ಊರುಗೋಲಿನಲ್ಲಿ ಕುಂಟುತ್ತ ಬಂದ.

ರಾಣಿ ಅವನ ಕಾಲು ಮುಟ್ಟಿ ನೋಡಿದಳು. "ನೀನು ಬರುವುದು ಕಂಡು ಅಳು ಉಕ್ಕಿಬಂತಪ್ಪ. ನಾನೇ ನಿನ್ನನ್ನು ಕೊಂದುಬಿಡುತ್ತಿದ್ದೆ."

ಜಯಂತ ಅವಳ ಪಕ್ಕ ಕುಸಿದು ಕೂತ. "ಈಗ ಎಷ್ಟು ಬೇಕಾದರೂ ಅಳಮ್ಮ," ಎಂದ. "ಯಾವ ಸೇತುವೆಯೂ ಬೀಳುವುದಿಲ್ಲ."

ಆ ಜಾಗಕ್ಕೆ ಹೊಸ ಕಲ್ಲು ಕೂರಿಸಿದರು. ಅರುಣಾವತಿಯ ಜನ ಉಂಡುಟ್ಟು, ನಕ್ಕು ನಲಿದು, ಬಹುಕಾಲ ಸುಖವಾಗಿದ್ದರು.