ಗಾಯತ್ರಿ ಕುಡಿಯದ ಚಾ

ಬೆಳಿಗ್ಗೆ ಹತ್ತು ಐವತ್ತೈದು. ಕುಮಟಾ ಸಮೀಪದ ಗೇರುಬೀಜ ಕಾರ್ಖಾನೆಯಲ್ಲಿ ಚಾ ವಿರಾಮ ಮುಗಿಯಲು ಇನ್ನೂ ಐದು ನಿಮಿಷವಿತ್ತು. ಯಂತ್ರದ ಕೋಣೆಯಿಂದ ಚೀರಾಟ ಕೇಳಿತು. ಹೆಂಗಸರು ಓಡಿ ಬಂದಾಗ ಗಾಯತ್ರಿ ಬೀಜ ಕತ್ತರಿಸುವ ಯಂತ್ರದ ಬುಡದಲ್ಲಿ ಬಿದ್ದಿದ್ದಳು. ಬಲಗೈಯ ಎರಡು ಬೆರಳು ಹೋಗಿದ್ದವು. ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತವಳು ಮಾದಿ, ಕಾರ್ಮಿಕ ಸಂಘದ ಕಾರ್ಯದರ್ಶಿ.

ಅರ್ಧ ಗಂಟೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಸುಪ್ರಿಯಾ ಬಂದರು. ಗಾಯತ್ರಿ ಆಗಲೇ ಆಸ್ಪತ್ರೆಯಲ್ಲಿದ್ದಳು. ಪ್ರಜ್ಞೆ ಇರಲಿಲ್ಲ.

ಮೇಲ್ವಿಚಾರಕ ಕೃಷ್ಣಾನಂದ ದೂರು ಬರೆದೇ ಇಟ್ಟಿದ್ದ.

"ಗಾಯತ್ರಿ ಚಾ ಕುಡಿದು ಬೇಗ ಬಂದ್ಳು ಮೇಡಂ. ಸಿಕ್ಕಿದ ಬೀಜ ತೆಗೀಲಿಕ್ಕೆ ಕೈ ಹಾಕಿದ್ಳು. ಮಾದಿ ಹಿಂದಿಂದ ಬಂದು ಸ್ವಿಚ್ ಒತ್ತಿದ್ಳು. ಇಬ್ಬರಿಗೂ ವಾರದಿಂದ ಮಾತಿಲ್ಲ."

"ಚಾ ಕುಡಿದದ್ದು ನೋಡಿದ್ರಾ?"

"ಕಣ್ಣಾರೆ. ಹಬೆ ಏಳುವ ಚಾ, ಲೋಟ ಕೈಯಲ್ಲೇ ಇತ್ತು."

ವಿಶ್ರಾಂತಿ ಕೋಣೆಯಲ್ಲಿ ಗಾಯತ್ರಿಯ ಚೀಲವಿತ್ತು. ಪಕ್ಕದಲ್ಲಿ ಅರ್ಧ ಚಾ ಉಳಿದ ಸ್ಟೀಲ್ ಲೋಟ.

ಮಾದಿ ತಲೆಯೆತ್ತಲಿಲ್ಲ. "ಮಾತಿಲ್ಲದ್ದು ಹೌದ್ರಾ. ಅವಳು ಚಾಕ್ಕೆ ಬರ್ಲಿಲ್ಲ, ನಾನೇ ತಕಂಡು ಹೋದೆ. ಬಾಗ್ಲಲ್ಲಿ ಕೂಗು ಕೇಳ್ತು. ಓಡಿ ಸ್ವಿಚ್ ಬಂದ್ ಮಾಡ್ದೆ."

"ಮಾತಿಲ್ಲದವಳಿಗೆ ಚಾ?"

"ಮಾತು ಬಿಟ್ರೆ ಚಾ ಬಿಡೂಕಾತದ್ರಾ?"

ಕೃಷ್ಣಾನಂದ ನಕ್ಕ. ಕಾನ್‌ಸ್ಟೆಬಲ್ ನಾಗರಾಜ ಜೀಪಿನ ಬಾಗಿಲು ತೆರೆದ. ಈ ದೂರು ನಿಜವೆಂದಾದರೆ ಮಾದಿಗೆ ಕೆಲಸವೂ ಇಲ್ಲ, ಜೈಲೂ ತಪ್ಪದು.

* * *

ಸುಪ್ರಿಯಾ ಇನ್ನೊಮ್ಮೆ ವಿಶ್ರಾಂತಿ ಕೋಣೆಗೆ ಹೋದರು. ಹಿರಿಯ ಕೆಲಸಗಾರ್ತಿ ಹಮ್ಮ ಸುಪ್ರಿಯಾರ ಮುಖ ನೋಡಿ, ಕೇಳದೆಯೇ ಚಾ ಬಗ್ಗಿಸಿ ಕೊಟ್ಟಳು. ನುಣ್ಣಗೆ ಕೆರೆದ ತೆಂಗಿನ ಗೆರಟೆಯಲ್ಲಿ.

"ಲೋಟ ಇಲ್ವಾ ಅಮ್ಮ?"

"ಲೋಟ ನಮಗೆಂತಕ್ಕೆ?" ಹಮ್ಮ ಅಂಗೈ ಚಾಚಿದಳು. ಬೆರಳ ತುದಿಗಳಲ್ಲಿ ಚರ್ಮವೇ ಇರಲಿಲ್ಲ. "ಬೀಜದ ಸೊನೆ ತಿಂದದ್ದು. ಎಲ್ಲರದ್ದೂ ಹೀಗೇ. ಬಿಸಿ ಸ್ಟೀಲು ಮುಟ್ಟಿದ್ರೆ ಜೀವ ಹೋತದೆ. ಗೆರಟೆ ಸುಡೂದಿಲ್ಲ. ಮಾದಿ ಮನೇಲಿ ಕೂತು ಎಲ್ಲರಿಗೂ ಕೆರೆದು ತಂದದ್ದು. ಲೋಟ ಆಫೀಸ್ನವ್ರಿಗೆ. ಅವ್ರ ಕೈಗೆ ಎಂತ ಆತದೆ!"

"ಕೈಗವಸು?"

"ಸಂಘ ಕೇಳಿ ಎರಡು ವರ್ಷ ಆತು."

ಸುಪ್ರಿಯಾ ಯಂತ್ರದ ಕೋಣೆಯ ಬಾಗಿಲಿಗೆ ಬಂದರು. ಹೊಸ್ತಿಲಲ್ಲಿ ಗೆರಟೆಯೊಂದು ಬೋರಲು ಬಿದ್ದಿತ್ತು. ಚೆಲ್ಲಿದ ಚಾಕ್ಕೆ ಇರುವೆ ಮುತ್ತಿತ್ತು. ಅಲ್ಲಿಂದ ಸ್ವಿಚ್ಚಿಗೆ ಹೆಜ್ಜೆ ಹಾಕಿದರು. ಹದಿನೆಂಟು. ಆಮೇಲೆ ಆಫೀಸಿಗೆ ಹೋಗಿ ಚಾದ ತಟ್ಟೆಯನ್ನೂ ಗೋಡೆಗೆ ಅಂಟಿಸಿದ್ದ ಸಂಘದ ಒಪ್ಪಂದವನ್ನೂ ನೋಡಿದರು.

* * *

"ಕೃಷ್ಣಾನಂದರೇ, ಇಲ್ಲಿ ಎಷ್ಟು ವರ್ಷವಾಯಿತು?"

"ಒಂಬತ್ತು."

"ಒಂಬತ್ತು ವರ್ಷದಲ್ಲಿ ಈ ಹೆಂಗಸರು ಚಾ ಕುಡಿಯುವುದನ್ನು ನೀವು ಒಮ್ಮೆಯೂ ನೋಡಿಲ್ಲ. ಇವರ ಬೆರಳುಗಳು ಹಬೆಯಾಡುವ ಸ್ಟೀಲ್ ಲೋಟ ಹಿಡಿಯಲಾರವು. ಚೀಲದ ಪಕ್ಕದ ಲೋಟ ನಿಮ್ಮ ಆಫೀಸಿನದು. ತಟ್ಟೆಯಲ್ಲಿ ಆರರ ಜಾಗಕ್ಕೆ ಐದಿವೆ."

ಅವನು ಆಫೀಸಿನ ಕಡೆ ತಿರುಗಿ ನೋಡಿದ.

"ಮಾದಿಯ ಕೈಯ ಚಾ ಹೊಸ್ತಿಲಲ್ಲಿ ಚೆಲ್ಲಿದೆ. ಕೂಗು ಕೇಳಿದಾಗ ಅವಳು ಸ್ವಿಚ್ಚಿನಿಂದ ಹದಿನೆಂಟು ಹೆಜ್ಜೆ ದೂರ. ಗಾಯತ್ರಿ ಕೈ ಹಾಕಿದ್ದು ನಿಮಗೆ ಗೊತ್ತು ಅಂದರೆ, ಒಳಗಿದ್ದವರು ಗಾಯತ್ರಿ ಮತ್ತು ನೀವು. ವಿರಾಮದಲ್ಲಿ ಯಂತ್ರ ನಡೆಸುವಂತಿಲ್ಲ, ಸಂಘದ ಒಪ್ಪಂದಕ್ಕೆ ನಿಮ್ಮದೇ ಸಹಿ ಇದೆ. ಗಾಯತ್ರಿಯನ್ನು ತಡೆದು ಕೆಲಸ ಮಾಡಿಸಿದ್ದು ಮುಚ್ಚಲು ಲೋಟ ಬೇಕಾಯಿತು. ಎಲ್ಲರೂ ಅವಳನ್ನು ಎತ್ತಿ ಗಾಡಿಗೆ ಹಾಕುತ್ತಿದ್ದಾಗ ತಂದಿಟ್ಟಿರಿ."

"ಲಾರಿ ಕಾಯ್ತಿತ್ತು," ಅಂದ ಕೃಷ್ಣಾನಂದ. "ಕೈ ತೆಗೆದ್ಳು ಅಂದ್ಕಂಡು ಸ್ವಿಚ್ ಒತ್ತಿದೆ."

ನಾಗರಾಜ ಅವನನ್ನು ಜೀಪಿನ ಹಿಂದೆ ಕೂರಿಸಿದ.

"ಮಾದಿ, ನೀವೂ ಹತ್ತಿ."

ಮಾದಿ ಒಂದು ಹೆಜ್ಜೆ ಹಿಂದೆ ಸರಿದಳು. "ಮತ್ತೆ ನಾನೆಂತಕ್ಕೆ?"

"ಮುಂದೆ ಕೂತ್ಕೊಳ್ಳಿ. ಸ್ಟೇಷನ್ನಿಗಿಂತ ಆಸ್ಪತ್ರೆ ಮೊದಲು ಸಿಗ್ತದೆ. ಗಾಯತ್ರಿ ಕಣ್ಣು ಬಿಟ್ಟಿದ್ದಾಳಂತೆ."

"ಅವಳು ನನ್ನ ಹತ್ರ ಮಾತಾಡೂದಿಲ್ಲ ಮೇಡಂ."

"ಮೊದಲ ಪ್ರಶ್ನೆಯೇ ನಿಮ್ಮ ಬಗ್ಗೆ ಕೇಳಿದ್ದಾಳೆ. ಮಾದಿಗೆಂತ ಆಗ್ಲಿಲ್ಲ ಅಲ್ದ, ಅಂತ."

ಮಾದಿ ಸೆರಗಿನಿಂದ ಮುಖ ಒರೆಸಿಕೊಂಡು ಜೀಪು ಹತ್ತಿದಳು.